ಇಲಿ ವಿಷ ತರುವ ಮುಂಚೆ ಸೂರಿನ ಕಂಡಿ ನೋಡಿ

ಓದುಗರ ಪ್ರಶ್ನೆ: ತೀರ್ಥಹಳ್ಳಿ ಹತ್ತಿರದ ಹಳ್ಳಿಯಲ್ಲಿ ನಮ್ಮ ಮನೆ. ಮುಂಭಾಗ ಹಳೇ ಹೆಂಚಿನದು. ಮೇಲೆ ಮರದ ಮುಚ್ಚಿಗೆ, ಅಟ್ಟ. ಹಿಂದಿನ ಅಡುಗೆಮನೆ, ಬಚ್ಚಲು ಆರ್‌ಸಿಸಿ. ಎರಡು ಮಳೆಗಾಲದಿಂದ ಇಲಿ ಕಾಟ ತಡೆಯಲಾಗುತ್ತಿಲ್ಲ. ರಾತ್ರಿಯಿಡೀ ಮುಚ್ಚಿಗೆ ಮೇಲೆ ಓಡಾಟ. ಫ್ರಿಜ್ ವೈರ್ ಕಡಿದಿವೆ. ದೇವರ ಮನೆಯಿಂದ ತುಪ್ಪದ ಹೂಬತ್ತಿ ಎತ್ತಿಕೊಂಡು ಹೋಗುತ್ತವೆ. ಶಬ್ದ ಮಾಡುವ ಮಿಷನ್ ತಂದೆವು, ನುಸಿ ಗುಳಿಗೆ ಹಾಕಿದೆವು, ಉಪಯೋಗ ಆಗಲಿಲ್ಲ. ವಿಷದ ಬಿಲ್ಲೆ ಇಟ್ಟಾಗ ಒಂದು ಇಲಿ ಮುಚ್ಚಿಗೆ ಮೇಲೆ ಸತ್ತು ವಾರವಿಡೀ ವಾಸನೆ. ಅಂಟಿನ ಹಲಗೆಗೆ ಇಲಿ ಬದಲು ಹಾವಿನ ಮರಿ ಸಿಕ್ಕಿಕೊಂಡಿತು. ನಮ್ಮ ಅತ್ತೆಗೆ ಇಲಿ ಕೊಲ್ಲುವುದೇ ಇಷ್ಟವಿಲ್ಲ, ಗಣಪತಿ ವಾಹನ ಅಂತಾರೆ. ‘ವಿಷ ಇಡೋ ಮಾತು ಜೋರಾಗಿ ಆಡಬೇಡ, ಅದಕ್ಕೆ ಕೇಳಿಸುತ್ತೆ’ ಅಂತಲೂ ಹೇಳ್ತಾರೆ. ಈಗ ಪಕ್ಕದ ಮನೆಯವರು ಗೋಡೆ ಬುಡದ ಬಿಲಕ್ಕೆ ಮಾತ್ರೆ ಹಾಕೋಣ ಅಂತಿದ್ದಾರೆ. ಮೂರು ವರ್ಷದ ಮಗು ಇದೆ, ನಾಯಿ ಇದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದ ಕೊನೆಯಿಂದಲೇ ಶುರು ಮಾಡುತ್ತೇನೆ. ಬಿಲಕ್ಕೆ ಮಾತ್ರೆ ಹಾಕುವುದು ಬೇಡವೇ ಬೇಡ. ಪಕ್ಕದ ಮನೆಯವರಿಗೆ ಇವತ್ತೇ ಹೇಳಿ.

ಅವರು ಹೇಳುತ್ತಿರುವುದು ಹೆಚ್ಚುಕಮ್ಮಿ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಇರಬೇಕು. ಗೋದಾಮಿನಲ್ಲಿ ಕಾಳಿಗೆ ಹುಳ ಹಿಡಿಯದ ಹಾಗೆ ಹಾಕುವಂಥದ್ದು. ತೇವ ತಾಗಿದರೆ ಸಾಕು, ಫಾಸ್ಫೀನ್ ಎಂಬ ಅನಿಲ ಬಿಡುತ್ತದೆ. ಅದು ದೇಹಕ್ಕೆ ಹೋದರೆ ಪ್ರತಿಮದ್ದು ಇಲ್ಲ. ಹಳೇ ಹೆಂಚಿನ ಮನೆಗಳ ತಳಪಾಯ ಕಲ್ಲು ಮಣ್ಣಿನದು. ಬಿಲದ ಒಂದು ಬಾಯಿ ಅಂಗಳದಲ್ಲಿದ್ದರೆ ಇನ್ನೊಂದು ನೀವು ಮಲಗುವ ಕೋಣೆಯ ನೆಲದಡಿಯಲ್ಲೇ ಇರಬಹುದು. ಅನಿಲ ಯಾವ ಕಡೆ ಹೋಗುತ್ತದೆ ಅಂತ ಹೊರಗೆ ನಿಂತವರಿಗೆ ಗೊತ್ತಾಗುವುದಿಲ್ಲ. 2024ರ ನವೆಂಬರ್‌ನಲ್ಲಿ ಚೆನ್ನೈ ಪಕ್ಕದ ಕುಂದ್ರತ್ತೂರಿನಲ್ಲಿ ಪೆಸ್ಟ್ ಕಂಟ್ರೋಲ್‌ನವರು ಒಂದು ಮನೆಯೊಳಗೆ ಇಲಿ ವಿಷ ಇಟ್ಟು ಹೋಗಿದ್ದರು. ಆ ರಾತ್ರಿ ಎಸಿ ಹಾಕಿಕೊಂಡು ಮಲಗಿದ್ದ ಕುಟುಂಬದ ಇಬ್ಬರು ಮಕ್ಕಳು ತೀರಿಕೊಂಡರು. ಈ ಮಾತ್ರೆಯನ್ನು ಮನೆಬಳಕೆಗೆ ಮಾರುವ ಹಾಗೇ ಇಲ್ಲ. ಆದರೂ ಅಂಗಡಿಯಲ್ಲಿ ಸಿಗುತ್ತದೆ ಅನ್ನುವುದು ನನಗೂ ಗೊತ್ತು, ನಿಮಗೂ ಗೊತ್ತು.

ಈಗ ಉಳಿದದ್ದಕ್ಕೆ ಬರೋಣ. ಇಷ್ಟು ದಿನ ನೀವು ಮಾಡಿದ ಪ್ರಯತ್ನವೆಲ್ಲ ಒಳಗಿರುವ ಇಲಿಯನ್ನು ಓಡಿಸಲು ಅಥವಾ ಕೊಲ್ಲಲು. ಅವು ಬರುವ ದಾರಿ ಹಾಗೇ ಇದೆ. ದಾರಿ ತೆರೆದಿಟ್ಟು ಕೊಲ್ಲುತ್ತಾ ಹೋದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ. ಇಲಿ ಗಬ್ಬವಾದರೆ ಮರಿ ಹಾಕಲು ಮೂರು ವಾರ ಸಾಕು. ಒಂದು ಸೂಲಿಗೆ ಐದರಿಂದ ಎಂಟು ಮರಿ. ಮೂರು ತಿಂಗಳಲ್ಲಿ ಆ ಮರಿಗಳೂ ಮರಿ ಹಾಕಲು ಸಿದ್ಧ. ನಾಲ್ಕು ಸತ್ತರೆ ಉಳಿದವಕ್ಕೆ ತಿನ್ನಲು ಜಾಸ್ತಿ ಸಿಗುತ್ತದೆ, ಖಾಲಿಯಾದ ಜಾಗಕ್ಕೆ ಕೊಟ್ಟಿಗೆಯಿಂದ, ಪಕ್ಕದ ಮನೆಯಿಂದ ಹೊಸವು ಬರುತ್ತವೆ. ಹಾಗಾಗಿ ವಿಷ ಇಟ್ಟ ತಿಂಗಳು ಸದ್ದು ಕಮ್ಮಿಯಾಗಿ, ಮುಂದಿನ ತಿಂಗಳು ಮತ್ತೆ ಅದೇ ಕಥೆ.

ಮೊದಲು ನಿಮ್ಮ ಮನೆಯಲ್ಲಿ ಯಾರಿದ್ದಾರೆ ಅಂತ ತಿಳಿಯಬೇಕು. ನಿಮ್ಮ ವಿವರ ಓದಿದರೆ ಎರಡು ಬೇರೆ ಬೇರೆ ಪ್ರಾಣಿಗಳು ಕಾಣುತ್ತಿವೆ. ಮುಚ್ಚಿಗೆ ಮೇಲೆ ಓಡಾಡುವುದು ಮನೆ ಇಲಿ. ಮೈಗಿಂತ ಬಾಲ ಉದ್ದ, ಹತ್ತುವುದರಲ್ಲಿ ನಿಸ್ಸೀಮ. ವೈರ್ ಮೇಲೂ ನಡೆಯುತ್ತದೆ. ಗೋಡೆ ಬುಡದಲ್ಲಿ ಬಿಲ ತೋಡುವುದು ಬಹುಪಾಲು ಹೆಗ್ಗಣ. ಬಿಲದ ಬಾಯಲ್ಲಿ ಹೊಸ ಮಣ್ಣು ರಾಶಿ ಬಿದ್ದಿದ್ದರೆ ಅನುಮಾನವೇ ಬೇಡ. ಇದು ಮೇಲೆ ಹತ್ತುವುದು ಕಮ್ಮಿ, ಬಚ್ಚಲ ಮೋರಿ, ಕೊಟ್ಟಿಗೆ ಕಡೆಯಿಂದ ಬರುತ್ತದೆ. ಇವೆರಡರ ಜೊತೆ ಚಿಟ್ಟಿಲಿಯೂ ಇರಬಹುದು. ಹಿಕ್ಕೆ ನೋಡಿದರೆ ಗೊತ್ತಾಗುತ್ತದೆ. ಚಿಟ್ಟಿಲಿಯದು ಜೀರಿಗೆ ಕಾಳಿನಷ್ಟು. ಮನೆ ಇಲಿಯದು ಅರ್ಧ ಇಂಚಿನ ಹತ್ತಿರ, ಎರಡೂ ತುದಿ ಚೂಪು. ಹೆಗ್ಗಣದ್ದು ಇನ್ನೂ ದಪ್ಪ.

ಸಂಜೆ ಹೊತ್ತು ಗೋಡೆ ಅಂಚಲ್ಲಿ ಚೀಂ ಚೀಂ ಅನ್ನುತ್ತಾ, ಕೆಟ್ಟ ವಾಸನೆ ಬೀರುತ್ತಾ ಓಡುವ ಉದ್ದ ಮೂತಿಯ ಮೂಗಿಲಿ ಕಂಡರೆ ಸುಮ್ನೆ ಬಿಟ್ಟುಬಿಡಿ. ಅದು ಇಲಿ ಜಾತಿಯೇ ಅಲ್ಲ. ಜಿರಳೆ, ಹುಳ ತಿನ್ನುತ್ತದೆ.

ದಾರಿ ಹುಡುಕಲು ನಾನು ಎಲ್ಲರಿಗೂ ಹೇಳುವ ಉಪಾಯ ರಂಗೋಲಿ ಪುಡಿ. ರಾತ್ರಿ ಮಲಗುವ ಮುಂಚೆ ಅಡುಗೆ ಕಟ್ಟೆಯ ಮೂಲೆ, ಅಟ್ಟದ ಏಣಿಯ ಬುಡ, ಬಚ್ಚಲ ಬಾಗಿಲು, ಗೋಡೆ ಅಂಚು, ಇಲ್ಲೆಲ್ಲ ತೆಳ್ಳಗೆ ಒಂದು ಪಟ್ಟಿ ಉದುರಿಸಿ. ಬೆಳಿಗ್ಗೆ ಕಸ ಗುಡಿಸುವ ಮುಂಚೆ ನೋಡಿ. ಹೆಜ್ಜೆ ಇರುತ್ತದೆ, ಹೆಜ್ಜೆಗಳ ನಡುವೆ ಬಾಲ ಎಳೆದ ಗೆರೆ ಇರುತ್ತದೆ. ಯಾವ ಕಡೆಯಿಂದ ಬಂತು, ಯಾವ ಕಡೆ ಹೋಯಿತು ಅಂತ ಸ್ಪಷ್ಟವಾಗಿ ಕಾಣುತ್ತದೆ. ಆಮೇಲೆ ಟಾರ್ಚ್ ಹಿಡಿದು ಅಟ್ಟಕ್ಕೆ ಹತ್ತಿ. ಇಲಿ ದಿನಾ ಒಂದೇ ಹಾದಿಯಲ್ಲಿ ಓಡಾಡುತ್ತದೆ. ಮೈ ಜಿಡ್ಡು, ಧೂಳು ಸೇರಿ ಪಕಾಸಿಯ (ಮಾಡು ಹೊರುವ ಮರದ ತೊಲೆ) ಮೇಲೆ ಕಪ್ಪು ಕಲೆ ಬಿದ್ದಿರುತ್ತದೆ. ಆ ಕಲೆ ಹಿಡಿದು ಹೋದರೆ ಅದು ಒಳ ಬರುವ ಕಂಡಿಗೇ ಹೋಗಿ ನಿಲ್ಲುತ್ತೀರಿ. ಹೆಂಚಿನ ಮನೆಗಳಲ್ಲಿ ಆ ಜಾಗ ಹೆಚ್ಚಾಗಿ ಗೋಡೆಯ ತಲೆ ಮತ್ತು ಸೂರು ಸೇರುವ ಕಡೆ. ನಿಮ್ಮ ಮನೆಯಲ್ಲಿ ಹಳೇ ಮಾಡು ಮತ್ತು ಹೊಸ ಆರ್‌ಸಿಸಿ ಕೂಡುವ ಜಾಗವನ್ನು ಮೊದಲು ನೋಡಿ. ಆಮೇಲೆ ಕಟ್ಟಿದ ಕೋಣೆಗೂ ಹಳೇ ಗೋಡೆಗೂ ನಡುವೆ ಬಿರುಕು ಬಿಡದ ಮನೆ ನಾನು ನೋಡಿದ್ದು ಅಪರೂಪ.

ಕಂಡಿ ಎಷ್ಟು ದೊಡ್ಡದಿದ್ದರೆ ಮುಚ್ಚಬೇಕು? ಕೈಯಲ್ಲಿ ಪೆನ್ಸಿಲ್ ಹಿಡಿದುಕೊಳ್ಳಿ. ಅದು ತೂರಿದರೆ ಚಿಟ್ಟಿಲಿ ತೂರುತ್ತದೆ. ಹೆಬ್ಬೆರಳು ತೂರಿದರೆ ದೊಡ್ಡ ಇಲಿಯೇ ತೂರುತ್ತದೆ. ‘ಇಷ್ಟು ಸಣ್ಣ ಸಂದಿಯಲ್ಲಿ ಹೇಗೆ ಬರುತ್ತೆ ಸಾರ್?’ ಅಂತ ಎಲ್ಲರೂ ಕೇಳುತ್ತಾರೆ. ತಲೆ ಹೋದರೆ ಮೈಯನ್ನು ಚಪ್ಪಟೆ ಮಾಡಿ ಎಳೆದುಕೊಳ್ಳುತ್ತದೆ, ಅಷ್ಟೇ.

ಮುಚ್ಚುವ ಸಾಮಾನಿನ ವಿಷಯದಲ್ಲಿ ಜಿಪುಣತನ ಬೇಡ. ಇಲಿಯ ಮುಂದಿನ ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುತ್ತದೆ. ಕಡಿದು ಸವೆಸದಿದ್ದರೆ ಅದಕ್ಕೆ ಉಳಿಗಾಲವಿಲ್ಲ. ನಿಮ್ಮ ಫ್ರಿಜ್ ವೈರ್ ಕಡಿದದ್ದೂ ಹೊಟ್ಟೆಗಲ್ಲ. ಹಾಗಾಗಿ ಬಟ್ಟೆ ತುರುಕುವುದು, ಥರ್ಮೋಕೋಲ್, ಮರದ ಚೂರು, ಪ್ಲಾಸ್ಟಿಕ್ ಜಾಲರಿ, ಡಬ್ಬಿಯಿಂದ ಸಿಂಪಡಿಸುವ ಫೋಮ್, ಎಲ್ಲವನ್ನೂ ಎರಡು ರಾತ್ರಿಯಲ್ಲಿ ಕಡಿದು ಹಾಕುತ್ತದೆ. ಸೂರಿನ ಸಂದಿಗೆ ಕಾಲು ಇಂಚು ಕಣ್ಣಿನ ಜಿಐ ವೆಲ್ಡ್ ಮೆಶ್, ಅಂದರೆ ಸತು ಲೇಪಿಸಿದ ತಂತಿ ಜಾಲರಿ, ಹೊಡೆಸಿ. ಸಿಮೆಂಟ್ ಹಾಕಿ ಪೂರ್ತಿ ಮುಚ್ಚಿಸಬೇಡಿ. ಅಲ್ಲಿ ಗಾಳಿ ಆಡದಿದ್ದರೆ ಮಲೆನಾಡಿನ ಮಳೆಗೆ ಪಕಾಸಿ, ರೀಪು ಬೂಷ್ಟು ಹಿಡಿದು ಕೊಳೆಯುತ್ತವೆ. ಸಾದಾ ಕಬ್ಬಿಣದ ಜಾಲರಿಯೂ ಬೇಡ. ನಿಮ್ಮ ಕಡೆಯ ತೇವಕ್ಕೆ ಅದು ಬೇಗ ತುಕ್ಕು ಹಿಡಿದು ಉದುರುತ್ತದೆ. ಪೈಪ್ ಹೊರಗೆ ಹೋಗುವ ಕಡೆ ಸುತ್ತಲಿನ ಸಂದಿಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ಬಿಗಿಯಾಗಿ ತುರುಕಿ, ಮೇಲೆ ಸಿಮೆಂಟ್ ಗಾರೆ ಬಳಿಸಿ. ಬಾಗಿಲ ಅಡಿಗೆ ತಗಡಿನ ಪಟ್ಟಿ, ಬಚ್ಚಲ ಮೋರಿಗೆ ಸರಿಯಾಗಿ ಕೂತುಕೊಳ್ಳುವ, ತುಕ್ಕು ಹಿಡಿಯದ ಲೋಹದ ಜಾಲರಿ. ಹೆಂಚು ಕೈಯಾಡಿಸಲು ಆಳು ಬಂದಾಗಲೇ ಈ ಕೆಲಸವನ್ನೂ ಸೇರಿಸಿಕೊಂಡರೆ ಕೂಲಿ ಉಳಿಯುತ್ತದೆ. ಮಳೆಗೆ ಮುಂಚೆ ಆಗಬೇಕು. ಬಿಲಕ್ಕೆ ನೀರು ನುಗ್ಗಿದ ಮೇಲೆ ಹೊರಗಿನವೆಲ್ಲ ಒಣ ಜಾಗ ಹುಡುಕಿಕೊಂಡು ನಿಮ್ಮ ಅಟ್ಟಕ್ಕೇ ಬರುತ್ತವೆ.

ಮಾಡಿನ ಮೇಲೆ ಬಾಗಿದ ಹಲಸಿನ ಕೊಂಬೆ, ಪೇರಳೆ ಕೊಂಬೆ ಇದ್ದರೆ ನಾಲ್ಕಡಿ ದೂರ ಇರುವ ಹಾಗೆ ಸವರಿಸಿ. ಮನೆ ಪಕ್ಕದ ತೆಂಗಿನ ಮರಕ್ಕೆ ಆಳೆತ್ತರದ ಮೇಲೆ ಒಂದೂವರೆ ಅಡಿ ಅಗಲದ ನುಣುಪು ತಗಡು ಸುತ್ತಿಸಿ. ಉಗುರು ಊರಲು ಹಿಡಿತ ಸಿಗದೆ ಜಾರುತ್ತದೆ. ತೋಟದವರು ಕಾಯಿ ಉಳಿಸಲು ಮಾಡುವ ಇದೇ ಕೆಲಸ ಮನೆಯನ್ನೂ ಕಾಯುತ್ತದೆ.

ಒಂದು ಎಚ್ಚರಿಕೆ ಮಾತ್ರ ಮರೆಯಬೇಡಿ. ಒಂದೇ ದಿನ ಎಲ್ಲಾ ಕಂಡಿ ಮುಚ್ಚಬಾರದು. ಒಳಗಿದ್ದವು ಒಳಗೇ ಉಳಿದು ಹೊಸ ಕಡೆ ಕಡಿಯುತ್ತವೆ, ಇಲ್ಲ ಒಳಗೇ ಸಾಯುತ್ತವೆ. ಜಾಸ್ತಿ ಓಡಾಟ ಇರುವ ಒಂದೆರಡು ದಾರಿ ಬಿಟ್ಟು ಉಳಿದದ್ದು ಮುಚ್ಚಿಸಿ. ಬಿಟ್ಟ ದಾರಿಯ ಪಕ್ಕದಲ್ಲಿ ಬೋನು ಇಡಿ. ರಂಗೋಲಿ ಪುಡಿಯಲ್ಲಿ ಒಂದು ವಾರ ಹೆಜ್ಜೆ ಕಾಣದಿದ್ದರೆ ಕೊನೇ ಕಂಡಿಯನ್ನೂ ಮುಚ್ಚಿಸಿ.

ಇಲ್ಲಿಯೇ ನಿಮ್ಮ ಅತ್ತೆಯವರ ಮಾತಿಗೆ ಬರುತ್ತೇನೆ. ವಿಷ ಇಡುವ ವಿಷಯ ಇಲಿಗೆ ಕೇಳಿಸುತ್ತದೆ ಅನ್ನುವುದನ್ನು ನಾನು ಹೋದ ಕಡೆಯಲ್ಲೆಲ್ಲ ಕೇಳಿದ್ದೇನೆ. ಕೆಲವು ಮನೆಗಳಲ್ಲಿ ನನ್ನನ್ನು ಅಂಗಳಕ್ಕೆ ಕರೆದು ಪಿಸುಮಾತಿನಲ್ಲಿ ಮಾತಾಡಿಸಿದ್ದೂ ಉಂಟು. ಇಲಿಗೆ ನಮ್ಮ ಮಾತು ತಿಳಿಯುವುದಿಲ್ಲ. ಆದರೆ ಹಿರಿಯರು ಕಣ್ಣಾರೆ ಕಂಡದ್ದು ಸುಳ್ಳಲ್ಲ. ಇಲಿಗೆ ಹೊಸ ವಸ್ತು ಅಂದರೆ ಅನುಮಾನ. ನಿನ್ನೆ ಇಲ್ಲದ್ದು ಇವತ್ತು ದಾರಿಯಲ್ಲಿ ಇದ್ದರೆ ಕೆಲವು ದಿನ ಅದರ ಹತ್ತಿರ ಸುಳಿಯುವುದಿಲ್ಲ. ಹೊಸ ತಿಂಡಿಯಾದರೆ ಚೂರೇ ಚೂರು ಕಚ್ಚಿ ನೋಡುತ್ತದೆ. ಹೊಟ್ಟೆ ಕೆಟ್ಟರೆ ಮತ್ತೆ ಅದನ್ನು ಮೂಸುವುದೂ ಇಲ್ಲ. ಬೇಗ ಕೆಲಸ ಮಾಡುವ ಜಿಂಕ್ ಫಾಸ್ಫೈಡ್‌ನಂಥ ಕಪ್ಪು ಪುಡಿ ಮೊದಲ ದಿನ ಒಂದೆರಡು ಇಲಿ ಕೊಂದು ಆಮೇಲೆ ಸುಮ್ಮನಾಗುವುದು ಇದಕ್ಕೇ.

ಬೋನು ಇಡುವಾಗ ಈ ಸ್ವಭಾವವನ್ನೇ ಬಳಸಿಕೊಳ್ಳಿ. ಮೊದಲ ಮೂರು ನಾಲ್ಕು ದಿನ ಬೋನಿನ ಬಾಗಿಲನ್ನು ತಂತಿಯಲ್ಲಿ ಕಟ್ಟಿ ತೆರೆದೇ ಇಡಿ. ಒಳಗೆ ಸುಟ್ಟ ಕೊಬ್ಬರಿ ಚೂರು, ಹುರಿದ ಶೇಂಗಾ ಹಾಕಿ. ತಿಂದು ಹೋಗಲಿ. ಧೈರ್ಯ ಬಂದ ಮೇಲೆ ಒಂದು ರಾತ್ರಿ ಕೊಕ್ಕೆ ಹಾಕಿ. ಒಂದೇ ಬೋನಿಟ್ಟು ಕಾಯಬೇಡಿ, ನಾಲ್ಕೈದು ಒಟ್ಟಿಗೆ ಇಡಿ. ಮೊದಲ ಎರಡು ರಾತ್ರಿಯಲ್ಲಿ ಬಿದ್ದಷ್ಟು ಆಮೇಲೆ ಬೀಳುವುದಿಲ್ಲ. ನಡುಮನೆಯಲ್ಲಿ ಇಟ್ಟರೆ ಪ್ರಯೋಜನವಿಲ್ಲ, ಗೋಡೆಗೆ ತಾಗಿಸಿಯೇ ಇಡಬೇಕು. ಅಟ್ಟದಲ್ಲಾದರೆ ಆ ಕಪ್ಪು ಕಲೆಯ ಪಕ್ಕ. ಮುಟ್ಟಿದೊಡನೆ ಬಡಿದು ಕೊಲ್ಲುವ ಕತ್ತರಿ ಬೋನು ಇಡುವುದಾದರೆ ಕೊಬ್ಬರಿಯನ್ನು ದಾರದಲ್ಲಿ ಕಟ್ಟಿ, ಇಲ್ಲದಿದ್ದರೆ ನಾಜೂಕಾಗಿ ಎತ್ತಿಕೊಂಡು ಹೋಗುತ್ತದೆ. ಮಗು, ನಾಯಿ ಇರುವ ಮನೆ. ಕತ್ತರಿಯನ್ನು ಅಟ್ಟದಲ್ಲಿ ಮಾತ್ರ ಇಡಿ, ಏಣಿ ತೆಗೆದಿಡಿ.

ಕೊಲ್ಲಲು ಮನಸ್ಸಿಲ್ಲದವರಿಗೆ ಕಂಡಿ ಮುಚ್ಚುವುದಕ್ಕಿಂತ ಒಳ್ಳೇ ದಾರಿ ಇಲ್ಲ. ನಿಮ್ಮ ಅತ್ತೆಯವರೂ ಇದಕ್ಕೆ ಬೇಡ ಅನ್ನಲಾರರು. ಬೋನಿಗೆ ಬಿದ್ದದ್ದನ್ನು ದೂರ ಬಿಟ್ಟು ಬರುವುದು ಪೂರ್ತಿ ಪುಣ್ಯದ ಕೆಲಸವೇನೂ ಅಲ್ಲ, ಅದನ್ನು ಮಾತ್ರ ಹೇಳಿಬಿಡುತ್ತೇನೆ. ಗುರುತಿಲ್ಲದ ಜಾಗದಲ್ಲಿ ಅದು ಗೂಬೆಗೋ ನಾಯಿಗೋ ಸಿಗುತ್ತದೆ, ಇಲ್ಲ ಇನ್ನೊಬ್ಬರ ಮನೆ ಸೇರುತ್ತದೆ. ಮಾಡುವುದಾದರೆ ಬೆಳಿಗ್ಗೆಯೇ ಮಾಡಿ, ಬೋನಿನಲ್ಲಿ ಹಸಿವು ಬಾಯಾರಿಕೆಯಿಂದ ಒದ್ದಾಡಿಸಬೇಡಿ. ಬಕೆಟ್ ನೀರಿನಲ್ಲಿ ಮುಳುಗಿಸುವ ಪದ್ಧತಿ ತುಂಬಾ ಮನೆಗಳಲ್ಲಿದೆ. ಕ್ರೂರವೂ ಹೌದು, ಅದರ ಉಚ್ಚೆ ಬೆರೆತ ನೀರು ಕೈಕಾಲಿಗೆ ಸಿಡಿಯುವುದೂ ಹೌದು. ಇಲಿ ಜ್ವರಕ್ಕೆ ಅಷ್ಟು ಸಾಕು.

ಅಂಟಿನ ಹಲಗೆ ಇನ್ನು ತರಬೇಡಿ. ಹಾವು, ಹಲ್ಲಿ, ಹಕ್ಕಿ ಎಲ್ಲವೂ ಸಿಕ್ಕಿಕೊಳ್ಳುತ್ತವೆ, ನೀವೇ ನೋಡಿದ್ದೀರಿ. ಇಲಿ ಸಿಕ್ಕರೂ ಗಂಟೆಗಟ್ಟಲೆ ನರಳಿ ಸಾಯುತ್ತದೆ. ಇದನ್ನು ತಡೆಯಿರಿ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೇ ರಾಜ್ಯಗಳಿಗೆ ಬರೆದಿದೆ. ಶಬ್ದದ ಮಿಷನ್‌ಗೆ ಕೊಟ್ಟ ದುಡ್ಡು ಹೋಯಿತು ಅಂತ ತಿಳಿಯಿರಿ. ಆ ಸದ್ದು ಗೋಡೆ, ಬೀರು ದಾಟುವುದಿಲ್ಲ. ಸದ್ದು ಮುಟ್ಟುವ ಕಡೆಯೂ ಕೆಲವೇ ದಿನದಲ್ಲಿ ಇಲಿಗೆ ಅಭ್ಯಾಸವಾಗುತ್ತದೆ. ಅಮೆರಿಕದಲ್ಲಿ 2001ರಲ್ಲೇ ಅಲ್ಲಿನ ವ್ಯಾಪಾರ ಆಯೋಗ ಇಂಥ ಮಿಷನ್ ಮಾಡುವವರಿಗೆ, ಮಾರುವವರಿಗೆ ‘ಆಧಾರವಿಲ್ಲದೆ ಜಾಹೀರಾತು ಕೊಡಬೇಡಿ’ ಅಂತ ಎಚ್ಚರಿಕೆ ಪತ್ರ ಕಳಿಸಿತ್ತು. ನಮ್ಮಲ್ಲಿ ಇನ್ನೂ ಜೋರು ಮಾರಾಟ. ನುಸಿ ಗುಳಿಗೆ, ಪುದೀನ ಎಣ್ಣೆ, ಕರ್ಪೂರ ಎಲ್ಲವೂ ಇದೇ ಗುಂಪು. ನುಸಿ ಗುಳಿಗೆಯನ್ನಂತೂ ಇವತ್ತೇ ಎತ್ತಿಬಿಡಿ. ಬೆಳ್ಳಗೆ ಮಿಠಾಯಿ ಥರ ಕಾಣುತ್ತದೆ, ಮೂರು ವರ್ಷದ ಮಗು ಬಾಯಿಗೆ ಹಾಕಿಕೊಂಡರೆ ರಕ್ತಕ್ಕೇ ತೊಂದರೆ.

ಬೆಕ್ಕು ಸಾಕಿದರೆ ಸಾಕಲ್ವಾ ಅಂತ ನೀವು ಕೇಳಿಲ್ಲ, ಆದರೆ ಯಾರಾದರೂ ಹೇಳಿಯೇ ಹೇಳುತ್ತಾರೆ. ಬೆಕ್ಕು ಚಿಟ್ಟಿಲಿ ಹಿಡಿಯುತ್ತದೆ, ಇಲಿ ಮರಿ ಹಿಡಿಯುತ್ತದೆ. ಬೆಳೆದ ಹೆಗ್ಗಣ ಎದುರು ಬಂದರೆ ದಾರಿ ಬಿಡುವ ಬೆಕ್ಕುಗಳೇ ಹೆಚ್ಚು.

ಇನ್ನು ವಿಷ. ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಕೊಟ್ಟಿಗೆ ಸುತ್ತ ಹೆಗ್ಗಣ ಮಿತಿಮೀರಿದಾಗ ಬೇಕಾಗಬಹುದು. ಆದರೆ ಯಾವ ವಿಷ ಅನ್ನುವುದು ಬಹಳ ಮುಖ್ಯ. ಟ್ಯೂಬ್‌ನಲ್ಲಿ ಬರುವ ಹಳದಿ ರಂಜಕದ ಪೇಸ್ಟ್ ಮನೆಯೊಳಗೆ ಕಾಲಿಡಬಾರದು. ಬ್ರೆಡ್ಡಿಗೆ, ಟೊಮೆಟೊಗೆ ಸವರಿ ಇಡುತ್ತಾರಲ್ಲ, ಅದೇ. ಅದು ಹೊಟ್ಟೆಗೆ ಹೋದ ಮನುಷ್ಯ ಮೊದಲೆರಡು ದಿನ ಚೆನ್ನಾಗಿಯೇ ಇರುವ ಹಾಗೆ ಕಾಣಬಹುದು. ಆಮೇಲೆ ಲಿವರ್ ಕೈಕೊಡುತ್ತದೆ. ಅದಕ್ಕೆ ನೇರ ಪ್ರತಿಮದ್ದು ಇಲ್ಲ. ಬಿಲ್ಲೆ ರೂಪದ ಬ್ರೊಮಾಡಿಯೊಲೋನ್ ಬೇರೆ ಥರದ್ದು. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ, ಇಲಿ ಸಾಯಲು ನಾಲ್ಕಾರು ದಿನ ಬೇಕು. ತಿಂದದ್ದಕ್ಕೂ ಸಾವಿಗೂ ಸಂಬಂಧ ಗೊತ್ತಾಗದ ಕಾರಣ ಇಲಿ ಅನುಮಾನಪಡದೆ ತಿನ್ನುತ್ತದೆ. ವಿಟಮಿನ್ ಕೆ1 ಇದಕ್ಕೆ ಪ್ರತಿಮದ್ದು. ತೊಂದರೆ ಏನೆಂದರೆ ಎಲ್ಲಿ ಸಾಯುತ್ತದೆ ಅನ್ನುವುದು ನಮ್ಮ ಕೈಯಲ್ಲಿಲ್ಲ. ನಿಮ್ಮ ಮುಚ್ಚಿಗೆ ವಾಸನೆ ಅದರದ್ದೇ. ಸತ್ತ ಇಲಿಯನ್ನು ನಾಯಿ, ಗೂಬೆ ತಿಂದರೆ ಅವಕ್ಕೂ ಅಪಾಯ. ಇಡಲೇಬೇಕಾದರೆ ಮನೆಯ ಹೊರಗೆ, ಬೀಗ ಹಾಕುವ ಬೈಟ್ ಡಬ್ಬಿಯೊಳಗೆ, ಅಲುಗಾಡದ ಹಾಗೆ ಕಟ್ಟಿ ಇಡಿ. ಅಟ್ಟದಲ್ಲಿ ಇನ್ನು ಬೇಡ.

ಮಗು ಯಾವುದೇ ವಿಷ ಬಾಯಿಗೆ ಹಾಕಿದ ಅನುಮಾನ ಬಂದರೂ ವಾಂತಿ ಮಾಡಿಸಬೇಡಿ, ಹಾಲು, ತುಪ್ಪ, ಎಣ್ಣೆ ಕುಡಿಸಬೇಡಿ. ಜಿಡ್ಡಿನ ಜೊತೆ ರಂಜಕ ಇನ್ನೂ ಬೇಗ ಮೈಗೆ ಸೇರುತ್ತದೆ. ವಿಷದ ಪೊಟ್ಟಣ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡಿ, 108ಕ್ಕೆ ಫೋನ್ ಮಾಡಿ. ಮಗು ಆಟವಾಡುತ್ತಿದೆ ಅಂತ ಕಾಯಬೇಡಿ.

ಮೇವಿನ ಕಡೆಯೂ ಸ್ವಲ್ಪ ಗಮನ ಬೇಕು. ಒಂದು ಮನೆ ಇಲಿಗೆ ದಿನಕ್ಕೆ 15ರಿಂದ 20 ಗ್ರಾಂ ತಿಂಡಿ ಸಾಕು. ನಾಯಿ ತಟ್ಟೆಯಲ್ಲಿ ಉಳಿದ ಅನ್ನ ನಾಲ್ಕು ಇಲಿಯ ಊಟ. ರಾತ್ರಿ ತಟ್ಟೆ ತೊಳೆದಿಡಿ. ಹಿಂಡಿ, ಬೂಸಾ ಚೀಲ ಗೋಡೆಯಿಂದ ಒಂದಡಿ ದೂರ, ಹಲಗೆ ಮೇಲೆ ಇರಲಿ. ಅಕ್ಕಿ ಮುಚ್ಚಳವಿರುವ ಡ್ರಮ್‌ಗೆ ಹೋಗಲಿ. ಹೂಬತ್ತಿಯನ್ನು ಸ್ಟೀಲ್ ಡಬ್ಬಿಯಲ್ಲಿಡಿ, ಮಲಗುವ ಮುಂಚೆ ದೀಪ ಶಾಂತ ಮಾಡಿ. ತುಪ್ಪದ ಆಸೆಗೆ ಉರಿಯುವ ಬತ್ತಿಯನ್ನೇ ಎಳೆದುಕೊಂಡು ಅಟ್ಟಕ್ಕೆ ಹೋದರೆ ಅಲ್ಲಿ ಒಣ ಮರ, ಒಣ ಅಡಿಕೆ ಸಿಪ್ಪೆ.

ಅಟ್ಟ ಚೊಕ್ಕಟ ಮಾಡುವಾಗ ಒಣ ಹಿಕ್ಕೆಯನ್ನು ಹಾಗೇ ಗುಡಿಸಬೇಡಿ, ಧೂಳು ಮೂಗಿಗೆ ಹೋಗುತ್ತದೆ. ಒಂದು ಪಾಲು ಬ್ಲೀಚ್ ದ್ರವಕ್ಕೆ ಒಂಬತ್ತು ಪಾಲು ನೀರು ಬೆರೆಸಿ ಚಿಮುಕಿಸಿ, ಹತ್ತು ನಿಮಿಷ ಬಿಟ್ಟು, ಕೈಗವಸು ಮಾಸ್ಕ್ ಹಾಕಿಕೊಂಡು ಒರೆಸಿ ತೆಗೆಯಿರಿ. ಇಲಿ ಜ್ವರ ಇಲಿ ಕಚ್ಚಿದರೆ ಮಾತ್ರ ಬರುತ್ತದೆ ಅನ್ನುವುದು ತಪ್ಪು ತಿಳುವಳಿಕೆ. ಉಚ್ಚೆ ಸೇರಿದ ನೀರು, ಕೆಸರು ಕಾಲಿನ ಸಣ್ಣ ಗಾಯಕ್ಕೆ ತಾಗಿದರೂ ಬರುತ್ತದೆ. ಮಳೆಗಾಲದಲ್ಲಿ ತೋಟಕ್ಕೆ ಬರಿಗಾಲಲ್ಲಿ ಇಳಿಯಬೇಡಿ. ಜ್ವರದ ಜೊತೆ ಮೀನಖಂಡ ವಿಪರೀತ ನೋವು, ಕಣ್ಣು ಕೆಂಪು ಇದ್ದರೆ ಡಾಕ್ಟರಿಗೆ ‘ಮನೆಯಲ್ಲಿ ಇಲಿ ಜಾಸ್ತಿ’ ಅಂತ ನೀವಾಗಿಯೇ ಹೇಳಿ. ಬೇಗ ಗೊತ್ತಾದರೆ ಸಾದಾ ಆಂಟಿಬಯೋಟಿಕ್‌ನಲ್ಲೇ ವಾಸಿಯಾಗುತ್ತದೆ. ಇಲಿ ಇದ್ದ ಕಡೆ ಹಾವು ಬರುತ್ತದೆ ಅನ್ನುವ ಮಾತು ಮಾತ್ರ ಪೂರ್ತಿ ನಿಜ. ಗೋಡೆ ಬುಡದ ಬಿಲಕ್ಕೆ ಕೈ ಹಾಕಬೇಡಿ. ಸಂಜೆ ಮಣ್ಣು ತುಂಬಿ ಮುಚ್ಚಿ, ಬೆಳಿಗ್ಗೆ ಮತ್ತೆ ತೋಡಿದ ಬಿಲದಲ್ಲೇ ಹೆಗ್ಗಣ ಇದೆ ಅಂತ ತಿಳಿಯಿರಿ. ಅದರ ಬಾಯಿ ಹತ್ತಿರವೇ ದೊಡ್ಡ ಬೋನಿಡಿ. ಖಾಲಿಯಾದ ಮೇಲೆ ಗಾಜಿನ ಚೂರು ಬೆರೆಸಿದ ಗಾರೆ ಹಾಕಿ ಮುಚ್ಚಿಸಿ.

ಇಷ್ಟೆಲ್ಲ ನಿಮ್ಮಿಂದ ಆಗುವುದಿಲ್ಲ, ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸುತ್ತೇವೆ ಅಂದರೆ ತಪ್ಪಿಲ್ಲ. ಲೈಸೆನ್ಸ್ ತೋರಿಸಲು ಹೇಳಿ. ಯಾವ ಔಷಧಿ, ಎಲ್ಲೆಲ್ಲಿ, ಎಷ್ಟು ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಮನೆ ಸುತ್ತ ಒಂದು ಸುತ್ತು ಬಂದು ಕಂಡಿ ಹುಡುಕುವವರಾದರೆ ಒಳಗೆ ಕರೆಯಿರಿ. ಬೈಕಿನಿಂದ ಇಳಿದವರೇ ಚೀಲ ಬಿಚ್ಚಿ ‘ಪವರ್‌ಫುಲ್ ಮದ್ದು ಇದೆ ಮೇಡಂ’ ಅಂದು, ಹೆಸರು ಕೇಳಿದರೆ ಹಾರಿಸಿ ಮಾತಾಡಿದರೆ ಗೇಟಿನಿಂದಲೇ ವಾಪಸ್ ಕಳಿಸಿ.